ಸರ್ವರ್ ಎದ್ದಿತು, ಪ್ರೋಗ್ರಾಂ ಏಳಲಿಲ್ಲ

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಮಸ್ಕಿಯಿಂದ ಮಾಮು ಫೋನ್ ಮಾಡಿದರು. "ಬಿಲ್ಲಾಂ ನೈ ನಿಕಲ್ ರೈಂ, ಜಲ್ದಿ ಆ ರೇ" ಎಂದರು. ಅವರದು ಬೀಜ ಮತ್ತು ಎಣ್ಣೆಯ ಅಂಗಡಿ. ನಮ್ಮ ಕಡೆ ರೈತರು ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಸಂತೆಕಲ್ಲೂರಿನಿಂದ ಬಸ್ ಹಿಡಿದು ನಾನು ಹೋಗುವಷ್ಟರಲ್ಲಿ ಹತ್ತಿ ಬೀಜಕ್ಕೆ ಬಂದವರು ರಸ್ತೆಯವರೆಗೆ ನಿಂತಿದ್ದರು.

ಅಂಗಡಿಯಲ್ಲಿ ಒಂದು ಮುಖ್ಯ ಕಂಪ್ಯೂಟರ್ ಇದೆ, ಅದನ್ನೇ ಸರ್ವರ್ ಎನ್ನುತ್ತೇವೆ. ಲೆಕ್ಕವೆಲ್ಲ ಇರುವುದು ಅದರ ಡೇಟಾಬೇಸ್‌ನಲ್ಲಿ. ಎರಡು ಕೌಂಟರ್‌ಗಳ ಕಂಪ್ಯೂಟರ್‌ಗಳು ಕೇಬಲ್ ಮೂಲಕ ಅದಕ್ಕೆ ಸೇರಿವೆ. ರಾತ್ರಿ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿ ಮುಗಿದು ಸರ್ವರ್ ಆರಿತ್ತು. ಬೆಳಿಗ್ಗೆ ಮೊದಲು ಬಂದ ಗುಮಾಸ್ತ ಕಾಕಾ ಅದರ ಗುಂಡಿ ಒತ್ತಿದ್ದರು. ಕಂಪ್ಯೂಟರ್ ಚಾಲೂ ಆಯಿತು, ಆದರೆ ಕೌಂಟರ್‌ಗಳಲ್ಲಿ "ಡೇಟಾಬೇಸ್ ಸಿಗುತ್ತಿಲ್ಲ" ಎಂದು ಬಂತು. ಮಾಮು ಕಾಕಾನ ಮೇಲೆ ರೇಗಿದ್ದರು. "ನಾ ಗುಂಡಿ ಬಿಟ್ಟು ಏನೂ ಮುಟ್ಟಿಲ್ಲಪಾ" ಎಂದು ಕಾಕಾ ನನ್ನ ಹತ್ತಿರ ಎರಡು ಸಲ ಹೇಳಿದರು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ವಿಂಡೋಸ್‌ನಲ್ಲಿ ಪ್ರೋಗ್ರಾಂ ತಾನಾಗಿ ಆರಂಭವಾಗಲು ಬೇರೆ ಬೇರೆ ದಾರಿಗಳಿವೆ. ಸ್ಟಾರ್ಟ್‌ಅಪ್ ಫೋಲ್ಡರ್‌ನಲ್ಲಿ ಹಾಕಿದ್ದು ಯಾರಾದರೂ ಲಾಗಿನ್ ಆದ ಮೇಲೆ ಮಾತ್ರ ಏಳುತ್ತದೆ. ಸರ್ವರ್ ಮುಂದೆ ಯಾರೂ ಕೂರದಿದ್ದರೆ ಅದು ಏಳುವುದೇ ಇಲ್ಲ. ಸರ್ವಿಸ್ ಹಾಗಲ್ಲ. ಪಾಸ್‌ವರ್ಡ್ ಕೇಳುವ ಪರದೆ ಇನ್ನೂ ನಿಂತಿರುವಾಗಲೇ ಅದು ಹಿಂದೆ ಕೆಲಸ ಶುರು ಮಾಡಿರುತ್ತದೆ. ಡೇಟಾಬೇಸ್‌ಗಳು ಸಾಮಾನ್ಯವಾಗಿ ಸರ್ವಿಸ್ ಆಗಿಯೇ ಇರುತ್ತವೆ.

ನಾನು ಸರ್ವಿಸ್‌ಗಳ ಪಟ್ಟಿ ತೆರೆದೆ. ಡೇಟಾಬೇಸ್ ಎದುರಿಗೆ 'ಆಟೋಮ್ಯಾಟಿಕ್' ಎಂದೇ ಇತ್ತು, ಆದರೆ 'ರನ್ನಿಂಗ್' ಎಂದು ಇರಲಿಲ್ಲ. ಕೈಯಿಂದ ಸ್ಟಾರ್ಟ್ ಒತ್ತಿದರೆ ದೋಷ 1069, ಅಂದರೆ ಲಾಗಿನ್ ವಿಫಲ. ಅರ್ಥವಾಗದೆ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ ದಾಖಲೆ ನೋಡಿದೆ. ಕಂಪ್ಯೂಟರ್ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುವ ಜಾಗ ಅದು. ಅಲ್ಲಿ 7038 ಮತ್ತು 7000 ಎಂಬ ಎರಡು ಸಾಲುಗಳಿದ್ದವು. ಈ ಸರ್ವಿಸ್ ಇಂಥ ಖಾತೆಯ ಹೆಸರಿನಲ್ಲಿ, ಅದಕ್ಕೆ ಕೊಟ್ಟಿರುವ ಪಾಸ್‌ವರ್ಡ್‌ನಿಂದ ಒಳಗೆ ಬರಲಾಗಲಿಲ್ಲ ಎಂದು ಬರೆದಿತ್ತು. ಖಾತೆಯ ಹೆಸರೂ ಇತ್ತು. ಮಸ್ಕಿಯ ಶಾಸನ 1915ರಲ್ಲಿ ಸಿಗುವವರೆಗೆ 'ದೇವಾನಾಂಪ್ರಿಯ' ಯಾರು ಎಂಬುದಕ್ಕೆ ಬಂಡೆಯ ಮೇಲೆ ಸಾಕ್ಷಿ ಇರಲಿಲ್ಲ, ಇದರಲ್ಲಿ ಅಶೋಕ ಎಂಬ ಹೆಸರೇ ಇತ್ತು ಎಂದು ಓದಿದ್ದೇವಲ್ಲ, ನನಗೆ ಅದು ನೆನಪಾಯಿತು. ಇಲ್ಲಿ ಸಿಕ್ಕ ಹೆಸರಿನ ಹಿಂದೆ ಇದ್ದವನು ನಾನೇ.

11 ದಿನಗಳ ಹಿಂದೆ ಆ ಖಾತೆಯ ಪಾಸ್‌ವರ್ಡ್ ಬದಲಿಸಿದ್ದು ನಾನು. ಹಳೆಯದು ಎಲ್ಲರಿಗೂ ಗೊತ್ತಿದ್ದ ಅಂಗಡಿಯ ಫೋನ್ ನಂಬರ್ ಆಗಿತ್ತು. ಬದಲಿಸಿದ್ದು ತಪ್ಪಲ್ಲ. ಸರ್ವಿಸ್ ಕೂಡ ಅದೇ ಖಾತೆಯಲ್ಲಿ ನಡೆಯುತ್ತಿದೆ ಎಂದು ನೋಡದೇ ಬಿಟ್ಟದ್ದು ತಪ್ಪು. ಹಾಗಾದರೆ 11 ದಿನ ಹೇಗೆ ನಡೆಯಿತು? ಬಸ್ ಹತ್ತುವಾಗ ಕಂಡಕ್ಟರ್ ಪಾಸ್ ನೋಡುತ್ತಾರೆ. ಒಳಗೆ ಕುಳಿತ ಮೇಲೆ ಪಾಸಿನ ಅವಧಿ ಮುಗಿದರೂ ಯಾರೂ ಇಳಿಸುವುದಿಲ್ಲ. ಸರ್ವಿಸ್‌ಗೂ ಪಾಸ್‌ವರ್ಡ್ ಬೇಕಾಗುವುದು ಆರಂಭವಾಗುವಾಗ ಮಾತ್ರ. ಕರೆಂಟು ಹೋಗಿ ಬಂದಾಗ ಅದು ಮತ್ತೆ ಹತ್ತಬೇಕಾಯಿತು.

ಸರ್ವಿಸ್‌ನ ಪ್ರಾಪರ್ಟೀಸ್‌ನಲ್ಲಿ 'ಲಾಗ್ ಆನ್' ಎಂಬ ಪುಟಕ್ಕೆ ಹೋಗಿ ಹೊಸ ಪಾಸ್‌ವರ್ಡ್ ಕೊಟ್ಟೆ, ಸ್ಟಾರ್ಟ್ ಒತ್ತಿದೆ, ಬಿಲ್ ಬಂತು. ಆಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಕಾ ಆ ಕಡೆ ಮುಖ ಮಾಡಿ ಬೀಜದ ಪ್ಯಾಕೆಟ್ ಎಣಿಸುತ್ತಿದ್ದರು. ರೈತರ ಮುಂದೆಯೇ ಮಾಮುವಿಗೆ ಹೇಳಿದೆ, ತಪ್ಪು ನನ್ನದು, ಕಾಕಾನದಲ್ಲ ಎಂದು. ಮಾಮು ಏನೂ ಅನ್ನಲಿಲ್ಲ, ಕಾಕಾನಿಗೆ ಚಹಾ ತರಿಸಿದರು.

ಆದರೆ ನಿಜವಾಗಿ ಹೆದರಿದ್ದು ಆಮೇಲೆ. ಅದೇ ಖಾತೆಯಲ್ಲಿ ಇನ್ನೇನು ನಡೆಯುತ್ತಿದೆ ಎಂದು ಹುಡುಕಿದಾಗ ಟಾಸ್ಕ್ ಶೆಡ್ಯೂಲರ್‌ನಲ್ಲಿ ರಾತ್ರಿಯ ಬ್ಯಾಕಪ್ ಸಿಕ್ಕಿತು. ಕೊನೆಯ ಫಲಿತಾಂಶದ ಜಾಗದಲ್ಲಿ 0x8007052E ಎಂದಿತ್ತು. ಅದರ ಅರ್ಥವೂ ಲಾಗಿನ್ ವಿಫಲವೇ. 11 ರಾತ್ರಿ ಒಂದು ಬ್ಯಾಕಪ್ಪೂ ಆಗಿರಲಿಲ್ಲ, ಯಾರಿಗೂ ಸುಳಿವಿರಲಿಲ್ಲ. ಆ ಮಳೆಯಲ್ಲಿ ಹಾರ್ಡ್ ಡಿಸ್ಕ್ ಸುಟ್ಟಿದ್ದರೆ ಅಷ್ಟು ದಿನಗಳ ಉದ್ರಿ ಲೆಕ್ಕ ಹೋಗಿಬಿಡುತ್ತಿತ್ತು. ನಾವು ಲೆಕ್ಕಶಾಸ್ತ್ರದಲ್ಲಿ ಬಾಕಿದಾರರು ಎಂದು ಬರೆಯುವವರು ಅಲ್ಲಿ ಸಾಲಿನಲ್ಲಿ ನಿಂತಿದ್ದ ಜನ.

ನಿಮ್ಮಲ್ಲಿ ಹೀಗಾದರೆ ಮೊದಲು ಸರ್ವಿಸ್ ಅನ್ನು ಕೈಯಿಂದ ಸ್ಟಾರ್ಟ್ ಮಾಡಿ ನೋಡಿ. ಆಗಲೂ ಏಳದಿದ್ದರೆ ಪಾಸ್‌ವರ್ಡ್, ಅನುಮತಿ, ಕಾಣೆಯಾದ ಫೈಲ್ ಇಂಥ ಕಾರಣ ಇರಬಹುದು. ಕೈಯಿಂದ ಎದ್ದು, ಕಂಪ್ಯೂಟರ್ ಚಾಲೂ ಆಗುವಾಗ ಮಾತ್ರ ಏಳದಿದ್ದರೆ ಹೆಚ್ಚಾಗಿ ಅದು ಸರದಿಯ ತೊಂದರೆ. ನೆಟ್‌ವರ್ಕ್ ಅಥವಾ ಇನ್ನೊಂದು ಸರ್ವಿಸ್ ಸಿದ್ಧವಾಗುವ ಮೊದಲೇ ಇದು ಎದ್ದು ಬಿದ್ದಿರುತ್ತದೆ. ವಿಂಡೋಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಉತ್ತರ ಬರದಿದ್ದರೆ 7009 ಎಂದು ಬರೆಯುತ್ತದೆ. ಆಗ 'ಆಟೋಮ್ಯಾಟಿಕ್, ಡಿಲೇಡ್ ಸ್ಟಾರ್ಟ್' ಆರಿಸಿದರೆ ಉಳಿದವು ಎದ್ದ ಮೇಲೆ ಸುಮಾರು 2 ನಿಮಿಷ ಬಿಟ್ಟು ಇದು ಏಳುತ್ತದೆ. ನೀವು ಲಾಗಿನ್ ಆಗಿ ಮಾಡಿಕೊಂಡ 'ಝಡ್' ಡ್ರೈವ್‌ನಂಥ ಅಕ್ಷರ ಸರ್ವಿಸ್‌ಗೆ ಕಾಣುವುದಿಲ್ಲ, ಅದಕ್ಕೆ ಹಂಚಿಕೆಯ ಫೋಲ್ಡರ್‌ನ ಪೂರ್ತಿ ವಿಳಾಸ ಕೊಡಬೇಕು. ಲಿನಕ್ಸ್ ಬಳಸುವವರು 'ಸ್ಟಾರ್ಟ್' ಮಾಡಿ 'ಎನೇಬಲ್' ಮಾಡುವುದನ್ನು ಮರೆಯುತ್ತಾರೆ. ಅದು ಇವತ್ತು ನಡೆಯುತ್ತದೆ, ರೀಸ್ಟಾರ್ಟ್ ಆದ ಮೇಲೆ ಇಲ್ಲ.

ಎಲ್ಲ ಸರಿ ಮಾಡಿದ ಮೇಲೆ ಪರೀಕ್ಷೆ ಹೀಗೆ: ಸರ್ವರ್ ರೀಸ್ಟಾರ್ಟ್ ಮಾಡಿ, ಅದರಲ್ಲಿ ಲಾಗಿನ್ ಆಗಬೇಡಿ. 5 ನಿಮಿಷ ಬಿಟ್ಟು ಬೇರೆ ಕಂಪ್ಯೂಟರ್‌ನಿಂದ ಒಂದು ಬಿಲ್ ತೆಗೆಯಿರಿ. ನಾವು ಆ ದಿನ ಅಂಗಡಿ ಮುಚ್ಚಿದ ಮೇಲೆ ಹಾಗೇ ಮಾಡಿದೆವು, ಬಿಲ್ ತೆಗೆದವರು ಕಾಕಾ. ಡೇಟಾಬೇಸ್‌ಗೂ ಬ್ಯಾಕಪ್‌ಗೂ ಈಗ ಬೇರೆಯದೇ ಖಾತೆ ಇದೆ, ಅದರಲ್ಲಿ ಯಾರೂ ಕೂತು ಕೆಲಸ ಮಾಡುವುದಿಲ್ಲ. ದಿನಾ ಬೆಳಿಗ್ಗೆ ಬ್ಯಾಕಪ್ ಫೈಲಿನ ತಾರೀಖು ನೋಡಿ ಖಾತೆ ಪುಸ್ತಕದ ಅಂಚಿನಲ್ಲಿ ಬರೆಯುವ ಕೆಲಸ ಕಾಕಾನದು. ಒಂದು ದಿನ ಬರೆಯದಿದ್ದರೂ ನನಗೆ ಫೋನ್ ಬರುತ್ತದೆ.