ಮಹಾಜನರಿಂದ ಮಹಾಜನತೆಗೆ: ಮೈಸೂರು ದಸರೆಯ ಒಂದು ದಿನ ಮತ್ತು ಕೇಳುಗರ ಚರಿತ್ರೆ

ಮೈಸೂರಿನ ಕಲೆಗಳ ಚರಿತ್ರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಎರಡು ಕೇಂದ್ರಗಳ ಸುತ್ತ ಬೆಳೆದಿದೆ. ಒಂದು, ಆಶ್ರಯ ನೀಡಿದ ಅರಮನೆ. ಇನ್ನೊಂದು, ಆಶ್ರಯ ಪಡೆದ ಕಲಾವಿದ. ವೀಣೆ ಶೇಷಣ್ಣ (1852–1926), ಮೈಸೂರು ವಾಸುದೇವಾಚಾರ್ಯ (1865–1961) ಮೊದಲಾದವರ ಸಾಧನೆ ಸಾಕಷ್ಟು ದಾಖಲಾಗಿದೆ. ಆದರೆ ಅವರನ್ನು ಕೇಳಿದವರು ಯಾರು, ಎಲ್ಲಿ ಕುಳಿತು ಕೇಳಿದರು, ಕೇಳುವ ಅವಕಾಶ ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿದಿವೆ. ದಸರೆಯ ಒಂದು ದಿನವನ್ನು ಅಧ್ಯಯನದ ಘಟಕವಾಗಿ ಇಟ್ಟುಕೊಂಡು ಈ ಕೊರತೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅರಮನೆಯ ದಕ್ಷಿಣಕ್ಕಿರುವ ಅಗ್ರಹಾರದಿಂದ ಈ ವಿಚಾರವನ್ನು ಆರಂಭಿಸಬಹುದು. ನೂರೊಂದು ಗಣಪತಿ ದೇವಾಲಯವಿರುವ ಅಗ್ರಹಾರ ವೃತ್ತ ಇಂದು ಅಂಗಡಿ, ಹೋಟೆಲು, ವಾಹನಗಳಿಂದ ತುಂಬಿದ, ಎಲ್ಲ ಬಗೆಯ ಜನರೂ ಓಡಾಡುವ ತಾಣ. ಹಳೆಯ ವಸತಿವ್ಯವಸ್ಥೆಯ ನೆನಪು ಹೆಸರಿನಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಶಾಸನಗಳ ಭಾಷೆಯಲ್ಲಿ ಅಗ್ರಹಾರವೆಂದರೆ ವಿದ್ವಾಂಸರಾದ ಬ್ರಾಹ್ಮಣರಿಗೆ ದಾನವಾಗಿ ಬಂದ ಊರು. ಅದರ ಆಡಳಿತ ನಡೆಸುತ್ತಿದ್ದವರು ‘ಮಹಾಜನರು’. ಎಷ್ಟೋ ಶಾಸನಗಳು ಈ ಮಹಾಜನರನ್ನು ಇಂತಿಷ್ಟು ಮಂದಿ ಎಂದು ಎಣಿಸಿಯೇ ಹೇಳುತ್ತವೆ. ಆ ಎಣಿಕೆ ಒಂದು ಗಡಿಯೂ ಹೌದು. ಅದರೊಳಗಿದ್ದವರಿಗೆ ಸಭೆಯಲ್ಲಿ ಸ್ಥಾನವಿತ್ತು, ಹೊರಗಿದ್ದವರಿಗೆ ಇರಲಿಲ್ಲ. ಇದೇ ಪದ ಆಧುನಿಕ ಕನ್ನಡದಲ್ಲಿ ‘ಮಹಾಜನತೆ’ ಎಂದಾಗಿ, ಎಣಿಕೆಗೆ ಸಿಗದ ಸಮಸ್ತ ಜನರನ್ನು ಸೂಚಿಸತೊಡಗಿತು. ಪದದ ಅರ್ಥ ಹಿಗ್ಗಿದಂತೆ ಸಭೆಯೂ ಹಿಗ್ಗಿತೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಜಗನ್ಮೋಹನ ಅರಮನೆಯ ಸಭಾಂಗಣ ಈ ಪ್ರಶ್ನೆಗೆ ಒಳ್ಳೆಯ ನಿದರ್ಶನ. 1861ರಲ್ಲಿ ನಿರ್ಮಾಣಗೊಂಡ ಈ ಅರಮನೆಯಲ್ಲಿ 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅಧಿಕಾರ ಸ್ವೀಕಾರ ನಡೆಯಿತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳೂ ಇಲ್ಲಿಯೇ ನಡೆದವು. ಮುಂದೆ ಇದೇ ಸಭಾಂಗಣ ದಸರೆಯ ಸಂಗೀತ, ನೃತ್ಯಗಳ ವೇದಿಕೆಯಾಯಿತು. ಆಹ್ವಾನ ಪಡೆದ ದರ್ಬಾರಿಗ, ಅರ್ಹತೆ ಪಡೆದ ಪದವೀಧರ, ಇವೆರಡೂ ಬೇಕಿಲ್ಲದ ನಾಗರಿಕ – ಹೀಗೆ ಮೂರು ಬಗೆಯ ಸಭಿಕರು ಒಂದೇ ಚಾವಣಿಯ ಕೆಳಗೆ ಬೇರೆ ಬೇರೆ ಕಾಲಗಳಲ್ಲಿ ಕುಳಿತರು. ಕಟ್ಟಡ ಬದಲಾಗಲಿಲ್ಲ, ಬದಲಾದುದು ಒಳಬರುವ ಹಕ್ಕು.

ಈ ಬದಲಾವಣೆಯನ್ನು ರಾಜಪ್ರಭುತ್ವದಿಂದ ಪ್ರಜಾಪ್ರಭುತ್ವಕ್ಕೆ ಸಾಗಿದ ನೇರ ರೇಖೆಯೆಂದು ಭಾವಿಸಿದರೆ ಅದು ಅತಿಸರಳೀಕರಣವಾಗುತ್ತದೆ. ಅರಮನೆಯ ಆಳ್ವಿಕೆ ಇದ್ದಾಗಲೇ ಅದರ ಹೊರಗೆ ಇನ್ನೊಂದು ಕೇಳುಗ ವಲಯ ರೂಪುಗೊಂಡಿತ್ತು. ಆಸ್ಥಾನ ವಿದ್ವಾಂಸರಾಗಿದ್ದ ಬಿಡಾರಂ ಕೃಷ್ಣಪ್ಪನವರು ನಗರದಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಲು ತೊಡಗಿ, ರಾಮೋತ್ಸವವನ್ನು ಸಂಗೀತೋತ್ಸವವಾಗಿ ಬೆಳೆಸಿದರು. ಅಲ್ಲಿ ಕೇಳಲು ಬಂದವನು ಆಸ್ಥಾನಿಕನಾಗಿರಬೇಕಿರಲಿಲ್ಲ. ಕೃಷ್ಣಪ್ಪನವರ ಬಳಿ ಗುರುಕುಲ ಪದ್ಧತಿಯಲ್ಲಿ ಕಲಿತ ಟಿ. ಚೌಡಯ್ಯ ಬಂದದ್ದು ತಿರುಮಕೂಡಲಿನಿಂದ. ಏಳು ತಂತಿಯ ಪಿಟೀಲನ್ನು ರೂಪಿಸಿ ಹೆಸರಾದ ಈ ಕಲಾವಿದನ ಬದುಕು, ವಿದ್ಯೆಯ ಆವರಣ ಜನ್ಮದ ಎಣಿಕೆಯನ್ನು ಮೀರಬಲ್ಲದೆಂಬುದಕ್ಕೆ ಸಾಕ್ಷಿ. ಆದರೆ ಇಂಥ ಒಂದು ಪ್ರವೇಶವನ್ನು ಎಲ್ಲರ ಪ್ರವೇಶವೆಂದು ಓದಲಾಗದು. ದೇವಾಲಯದ ಸನ್ನಿಧಿಯಲ್ಲಿ ನಡೆಯುವ ಕಛೇರಿಗೆ ಭಕ್ತನೆಂಬ ಗುರುತು ಸಾಕಿತ್ತಾದರೂ, ಆ ಗುರುತಿಗೂ ಜಾತಿಯ ಮಿತಿಗಳಿದ್ದ ಕಾಲ ಅದು.

1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನ ರದ್ದಾಯಿತು. ಆ ಬಳಿಕ ದಸರೆ ಸರ್ಕಾರ ನಡೆಸುವ ನಾಡಹಬ್ಬವಾಯಿತು. ಅಂಬಾರಿಯಲ್ಲಿ ಅರಸನಿದ್ದ ಸ್ಥಾನಕ್ಕೆ ಚಾಮುಂಡೇಶ್ವರಿಯ ವಿಗ್ರಹ ಬಂದಿತು. ಇಂದು ಹಬ್ಬದ ಒಂದೇ ದಿನ ಅರಮನೆಯ ಆವರಣ, ಕಲಾಮಂದಿರ, ಪುರಭವನ, ಚಿಕ್ಕಗಡಿಯಾರ, ನಾದಬ್ರಹ್ಮ ಸಂಗೀತ ಸಭಾ, ಗಾನಭಾರತಿಗಳಂಥ ತಾಣಗಳಲ್ಲಿ ಕಾರ್ಯಕ್ರಮಗಳು ಏಕಕಾಲಕ್ಕೆ ನಡೆಯುತ್ತವೆ. ಚಿಕ್ಕಗಡಿಯಾರದ ವೇದಿಕೆಗೆ ಬಾಗಿಲೇ ಇಲ್ಲ. ಮಾರುಕಟ್ಟೆಗೆ ಬಂದವನು ಚೀಲ ಹಿಡಿದೇ ನಿಂತು ನೋಡಿ ಮುಂದೆ ಸಾಗಬಹುದು. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ದಸರೆಯ ಅಂಗವಾಗಿ ನಡೆಯುವ ‘ಯುವ ಸಂಭ್ರಮ’ದಲ್ಲಿ ವಿದ್ಯಾರ್ಥಿಗಳೇ ಕಲಾವಿದರು, ವಿದ್ಯಾರ್ಥಿಗಳೇ ಪ್ರೇಕ್ಷಕರು. ಇದಕ್ಕೆ ವಿರುದ್ಧವಾಗಿ, ಜಂಬೂಸವಾರಿಯ ದಿನ ಅರಮನೆಯೊಳಗಿನ ಆಸನಗಳಿಗೆ ಪಾಸು ಬೇಕು. ಹಣ ಕೊಟ್ಟು ಕೊಳ್ಳುವ ಗೋಲ್ಡ್ ಕಾರ್ಡ್‌ಗಳೂ ಬಳಕೆಗೆ ಬಂದಿವೆ. ವಂಶದ ಎಣಿಕೆ ಹೋದ ಕಡೆ ಅಧಿಕಾರ ಮತ್ತು ಹಣದ ಎಣಿಕೆ ಬಂದು ಕುಳಿತಿರುವುದನ್ನು ಗಮನಿಸಬೇಕು.

ಕೇಳುಗನ ಸ್ಥಾನವನ್ನೇ ಪ್ರಶ್ನಿಸಿದ ಪ್ರಯೋಗಗಳು ಹಬ್ಬದ ಹೊರಗೂ ಇವೆ. ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಆರಂಭವಾದ ರಂಗಾಯಣ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು 2010ರಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಅಹೋರಾತ್ರಿ ನಾಟಕವಾಗಿ ಪ್ರಯೋಗಿಸಿತು. ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕಿತ್ತು. ಒಮ್ಮೆ ಮುಂದಿದ್ದವರು ಮತ್ತೊಮ್ಮೆ ಹಿಂದಾಗುವ ಈ ವಿನ್ಯಾಸದಲ್ಲಿ ಕಾಯಂ ಮುಂಸಾಲು ಎಂಬುದಕ್ಕೆ ಎಡೆಯಿರಲಿಲ್ಲ. ಗುತ್ತಿ, ತಿಮ್ಮಿಯರಂಥವರನ್ನು ಕಥನದ ನಡುವೆ ತಂದ ಕೃತಿಗೆ ಈ ಏರ್ಪಾಡು ಕೇವಲ ತಂತ್ರವಲ್ಲ, ಅದರ ತಾತ್ವಿಕತೆಯ ಮುಂದುವರಿಕೆ.

ಒಟ್ಟಾರೆ, ವೇದಿಕೆಗಳ ಸಂಖ್ಯೆ ಹೆಚ್ಚಾದುದೇ ಸಂಸ್ಕೃತಿಯ ಸಾರ್ವಜನೀಕರಣವಲ್ಲ. ಪ್ರತಿಯೊಂದು ವೇದಿಕೆಯೂ ತನ್ನ ಕೇಳುಗ ಯಾರೆಂಬುದನ್ನು ಮೊದಲೇ ಊಹಿಸಿಕೊಂಡಿರುತ್ತದೆ. ಆ ಊಹೆಯನ್ನು ಓದುವುದು ಸಂಶೋಧನೆಯ ಕೆಲಸ. ಆಹ್ವಾನ ಪತ್ರಿಕೆಗಳು, ಆಸನ ವ್ಯವಸ್ಥೆಯ ವಿವರಗಳು, ಪತ್ರಿಕಾ ವರದಿಗಳು, ಆತ್ಮಕಥೆಗಳು ಇದಕ್ಕೆ ಆಕರಗಳಾಗಬಲ್ಲವು. ಇವೆಲ್ಲಕ್ಕಿಂತ ಮುಖ್ಯವಾಗಿ, ಪೆಂಡಾಲಿನ ಹೊರಗೆ ನಿಂತು ಕೇಳಿದವರ ಮೌಖಿಕ ನೆನಪುಗಳನ್ನು ಅವರಿರುವಾಗಲೇ ಸಂಗ್ರಹಿಸಬೇಕು. ವಿಶ್ವವಿದ್ಯಾನಿಲಯವಿರುವ ನಗರದಲ್ಲಿ ಈ ಕೆಲಸ ಇನ್ನಾರಿಗೂ ಬಿಡುವಂಥದ್ದಲ್ಲ. ‘ಮಹಾಜನತೆ’ ಎಂಬ ಪದ ನೀಡಿದ ಭರವಸೆ ಎಷ್ಟರಮಟ್ಟಿಗೆ ಈಡೇರಿದೆ ಎಂಬುದು ಆ ನೆನಪುಗಳಿಂದಲೇ ತಿಳಿಯಬೇಕಾಗಿದೆ.