ಮತಗಟ್ಟೆಯ ಕಾಯಕ: ಪಕ್ಷದ ಕಟ್ಟಕಡೆಯ ಪದಾಧಿಕಾರಿಯ ಆಯ್ಕೆ ಮತ್ತು ಕರ್ತವ್ಯ

ಪ್ರಜಾಪ್ರಭುತ್ವವೆಂದೊಡನೆ ನಮ್ಮ ದೃಷ್ಟಿ ವಿಧಾನಸೌಧದ ಕಡೆಗೆ ಹರಿಯುವುದು ಸಹಜ. ಆದರೆ ಆ ಸೌಧದ ಅಡಿಗಲ್ಲು ಇರುವುದು ನಮ್ಮೂರ ಪ್ರಾಥಮಿಕ ಶಾಲೆಯ ಕೊಠಡಿಯಲ್ಲಿ. ಚುನಾವಣೆಯ ದಿನ ಅದೇ ಮತಗಟ್ಟೆ. ಅಲ್ಲಿ ಪಕ್ಷದ ಪರವಾಗಿ ಕುಳಿತುಕೊಳ್ಳುವ ಕಾರ್ಯಕರ್ತನು ಯಾರು, ಅವನನ್ನು ಆರಿಸುವವರು ಯಾರು, ಅವನ ಹೊಣೆಯೇನು ಎಂಬ ವಿಚಾರ ನಮ್ಮ ಪೌರನೀತಿಯ ಪಾಠಗಳಲ್ಲಿ ಬರುವುದು ವಿರಳ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ದೃಷ್ಟಿಯಲ್ಲಿರಿಸಿಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

ಕ್ಷೇತ್ರಗಳ ವ್ಯವಸ್ಥೆ

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬೀರೂರು ವಿಧಾನಸಭಾ ಕ್ಷೇತ್ರವು ಇಲ್ಲವಾಯಿತು. ಕಡೂರು ಕ್ಷೇತ್ರವು ಹಾಸನ ಲೋಕಸಭಾ ಕ್ಷೇತ್ರಕ್ಕೂ ತರೀಕೆರೆ ಕ್ಷೇತ್ರವು ಉಡುಪಿ-ಚಿಕ್ಕಮಗಳೂರಿಗೂ ಸೇರಿದವು. ಅಜ್ಜಂಪುರವು ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರವಾದರೂ ಆ ಪಟ್ಟಣದ ಮತ ತರೀಕೆರೆ ಕ್ಷೇತ್ರಕ್ಕೇ ಸಲ್ಲುತ್ತದೆ. ಹೀಗೆ ಒಂದೇ ಜಿಲ್ಲೆಯ, ಬೀಗತನದಿಂದ ಬೆಸೆದ ನೆರೆಯೂರುಗಳು ಬೇರೆ ಬೇರೆ ಸಂಸದರನ್ನು ಆರಿಸುತ್ತವೆ. ಮೇಲಿನ ಗಡಿಗಳು ಬದಲಾದರೂ ಮತಗಟ್ಟೆಯ ಕೆಲಸ ಬದಲಾಗುವುದಿಲ್ಲ.

ಆಯ್ಕೆಯ ಬಗೆ

ಅಮೆರಿಕದ ಕೆಲವು ರಾಜ್ಯಗಳಲ್ಲಿ ಮತಗಟ್ಟೆ ಮಟ್ಟದ ಪಕ್ಷದ ಪದಾಧಿಕಾರಿಯನ್ನು ಆ ಪಕ್ಷದ ಮತದಾರರೇ ಮತಪತ್ರದ ಮೂಲಕ ಆರಿಸುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ನೇಮಕ. ತಾಲ್ಲೂಕು ಅಥವಾ ಬ್ಲಾಕ್ ಘಟಕದ ಮುಖಂಡರು ಊರಿನ ಹಿರಿಯರೊಡನೆ ಸಮಾಲೋಚಿಸಿ ಬೂತ್ ಸಮಿತಿಯ ಅಧ್ಯಕ್ಷನನ್ನು ಹೆಸರಿಸುತ್ತಾರೆ. ಕೆಲವು ಪಕ್ಷಗಳು ಇನ್ನೂ ಕೆಳಗಿಳಿದು, ಮತದಾರರ ಪಟ್ಟಿಯ ಒಂದೊಂದು ಪುಟಕ್ಕೂ ಒಬ್ಬ ಪ್ರಮುಖನನ್ನು ಗೊತ್ತುಮಾಡುವುದುಂಟು.

ಚುನಾವಣಾ ಆಯೋಗವು ಬೂತ್ ಸಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದು. ಅದು ಗುರುತಿಸುವುದು ಇಬ್ಬರನ್ನು. ಮೊದಲನೆಯವನು ಮತಗಟ್ಟೆ ಮಟ್ಟದ ಏಜೆಂಟ್, ಅಂದರೆ ಬಿ.ಎಲ್.ಎ. ಮಾನ್ಯತೆ ಪಡೆದ ಪಕ್ಷದ ಅಧಿಕೃತ ಪ್ರತಿನಿಧಿಯು ಇವನನ್ನು ಲಿಖಿತವಾಗಿ ನೇಮಿಸುತ್ತಾನೆ. ಇವನು ಸಾಮಾನ್ಯವಾಗಿ ಅದೇ ಭಾಗದ ಮತದಾರನಾಗಿರಬೇಕು. ಎರಡನೆಯವನು ಮತದಾನದ ದಿನದ ಏಜೆಂಟ್. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 46ನೆಯ ಪ್ರಕರಣದಂತೆ ಇವನನ್ನು ನೇಮಿಸುವವನು ಅಭ್ಯರ್ಥಿ ಅಥವಾ ಅವನ ಚುನಾವಣಾ ಏಜೆಂಟ್. ಸರ್ಕಾರಿ ನೌಕರರು ಮತದಾನದ ಏಜೆಂಟರಾಗಿ ವರ್ತಿಸುವುದು ಅದೇ ಕಾಯಿದೆಯಂತೆ ಶಿಕ್ಷಾರ್ಹ.

ವರ್ಷವಿಡೀ ಇರುವ ಕೆಲಸ

ಸಾಮಾನ್ಯ ಪರಿಷ್ಕರಣೆಯ ಕಾಲದಲ್ಲಿ ಬಿ.ಎಲ್.ಎ.ಯು ಮತದಾರರ ಅರ್ಜಿಗಳನ್ನು ಸಂಗ್ರಹಿಸಿ ದಿನಕ್ಕೆ 10ನ್ನು ಮೀರದಂತೆ ಮತಗಟ್ಟೆ ಮಟ್ಟದ ಅಧಿಕಾರಿಗೆ ಸಲ್ಲಿಸಬಹುದು. ಹೊಸ ಹೆಸರಿಗೆ ನಮೂನೆ 6, ತೆಗೆದುಹಾಕಲು 7, ತಿದ್ದುಪಡಿಗೆ 8. ಜೊತೆಗೆ, ವಿವರಗಳನ್ನು ತಾನೇ ಪರಿಶೀಲಿಸಿರುವುದಾಗಿ ಅವನು ಘೋಷಣೆ ಬರೆದುಕೊಡಬೇಕು. ಸುಳ್ಳು ಘೋಷಣೆಗೆ 1950ರ ಕಾಯಿದೆಯಲ್ಲಿ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ಉಂಟು.

ಈ ಕೆಲಸದ ಮಹತ್ತ್ವ ನಮ್ಮ ಸೀಮೆಯವರಿಗೆ ಬೇಗ ಮನವರಿಕೆಯಾಗುತ್ತದೆ. ಪಟ್ಟಿಯ ವಾರ್ಷಿಕ ಪರಿಷ್ಕರಣೆ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆಯುತ್ತದೆ. ಮಲೆನಾಡಿನ ತೋಟಗಳಲ್ಲಿ ಕಾಫಿ ಕೊಯ್ಲೂ ಆಗಲೇ ಆರಂಭ. ಬಯಲು ಸೀಮೆಯಿಂದ ಕೂಲಿಗೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಬೀಗವನ್ನು ಕಂಡ ಅಪರಿಚಿತನು ‘ಊರು ಬಿಟ್ಟವರು’ ಎಂದು ಬರೆದಾನು. ‘ಕೊಯ್ಲು ಮುಗಿಸಿ ಹಿಂದಿರುಗುತ್ತಾರೆ’ ಎಂದು ಹೇಳಬಲ್ಲವನು ನೆರೆಯವನು ಮಾತ್ರ. ಲಗ್ನವಾಗಿ ಗಂಡನ ಮನೆ ಸೇರಿದ ಮಗಳ ಹೆಸರು, ಬೆಂಗಳೂರಿನಲ್ಲಿ ನೆಲೆಸಿದ ಮಗನ ಹೆಸರು, ತೀರಿಹೋದ ಅಜ್ಜನ ಹೆಸರು, ಇವುಗಳ ಸತ್ಯವನ್ನೂ ಅವನೇ ಬಲ್ಲ. ಅಂಥವನು ತನ್ನ ಪಕ್ಷಕ್ಕೆ ಮತ ಹಾಕದವರ ಮನೆಯ ಬೀಗದ ವಿಚಾರದಲ್ಲಿ ಮೌನ ವಹಿಸಿದರೆ, ಒಂದು ಕುಟುಂಬದ ಹಕ್ಕೇ ಅಳಿಸಿಹೋಗಬಹುದು. ಅವನ ನಿಜವಾದ ಪರೀಕ್ಷೆ ಇದು.

ಮತದಾನದ ದಿನ

ಮತದಾನಕ್ಕೆ ಮೊದಲು ಏಜೆಂಟರ ಸಮ್ಮುಖದಲ್ಲಿ ಕನಿಷ್ಠ 50 ಮತಗಳ ಅಣಕು ಮತದಾನ ನಡೆಯುತ್ತದೆ. ಬಂದವನು ನಿಜವಾದ ಮತದಾರನಲ್ಲವೆಂದು ತೋರಿದರೆ ಏಜೆಂಟನು ಅಧ್ಯಕ್ಷಾಧಿಕಾರಿಯ ಬಳಿ 2 ರೂಪಾಯಿ ಠೇವಣಿಯಿಟ್ಟು ಆಕ್ಷೇಪಿಸಬಹುದು. ಮತದಾನ ಮುಗಿದ ಬಳಿಕ, ಚಲಾವಣೆಯಾದ ಮತಗಳ ಲೆಕ್ಕವಿರುವ ನಮೂನೆ 17ಸಿ ಯ ಪ್ರತಿಯನ್ನು ಪಡೆದು ಜೋಪಾನಮಾಡುವುದು ಅವನ ಕರ್ತವ್ಯ. ಎಣಿಕೆಯ ದಿನ ತಾಳೆ ನೋಡಲು ಅದೇ ಆಧಾರ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಫಲಿತಾಂಶವು ಒಂದೇ ಒಂದು ಮತದಿಂದ ನಿರ್ಧಾರವಾಯಿತೆಂಬುದನ್ನು ನೆನೆದರೆ, ಒಂದು ಹೆಸರಿನ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಉಪಸಂಹಾರ

ನೇಮಕದ ವೇಳೆ ‘ಯಾವ ಕೇರಿಯವನು, ಎಷ್ಟು ಮತ ತರಬಲ್ಲ’ ಎಂಬ ಪ್ರಶ್ನೆಯೇ ಮುಂದಾಗುವುದನ್ನು ಅಲ್ಲಗಳೆಯಲಾಗದು. ‘ಪಟ್ಟಿಯನ್ನು ಓದಬಲ್ಲನೆ, ಎಲ್ಲ ಕೇರಿಗಳ ಬಾಗಿಲಿಗೂ ಹೋಗಬಲ್ಲನೆ’ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬೇಕು. ಸಂಬಳವಿಲ್ಲದ ಈ ಹುದ್ದೆಗೆ ವಿದ್ಯಾವಂತರು ಹಿಂಜರಿಯುವುದರಿಂದಲೇ ಅದು ಕೇವಲ ಸಂಖ್ಯಾಬಲದ ಲೆಕ್ಕಾಚಾರಕ್ಕೆ ಸಿಕ್ಕಿದೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಶರಣರ ಪರಂಪರೆಯ ವಿದ್ಯಾಸಂಸ್ಥೆಯಲ್ಲಿ ಓದಿದವರಿಗೆ ಈ ಕೆಲಸ ಕಿರಿದೆನಿಸಬಾರದು. ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಮನೆಮನೆ ಸುತ್ತುವವರು ಅನೇಕ ಕಡೆ ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರೇ. ಅವರೊಡನೆ, ಪಕ್ಷ ಯಾವುದೇ ಇರಲಿ, ಸತ್ಯವನ್ನೇ ನುಡಿಯುವ ಏಜೆಂಟನೊಬ್ಬ ಹೆಜ್ಜೆ ಹಾಕಿದರೆ ಆ ಊರಿನ ಪಟ್ಟಿ ಶುದ್ಧವಾಗಿರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನ ಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಂಡು ಮೊದಲ ಪುಟದಿಂದ ಓದಲಿ. ಈ ಪಾಠದ ಅಭ್ಯಾಸ ಅಲ್ಲಿಂದಲೇ ಮೊದಲಾಗಲಿ.