ಹೊಸದಾಗಿ ಕೊಂಡ ಕುರಿಗಳಲ್ಲಿ ಶ್ವಾಸರೋಗದ ಚಿಹ್ನೆಗಳು

ಗದಗ ಪಟ್ಟಣದ ಸಮೀಪದ ಬಿಂಕದಕಟ್ಟಿ ಮೊದಲಾದ ಗ್ರಾಮಗಳಲ್ಲಿ ಕುರಿಯು ಒಕ್ಕಲಿಗನಿಗೆ ಎರಡು ಬಗೆಯ ಆಧಾರವಾಗಿದೆ. ಮಾರಿದರೆ ಹಣ ಬರುವುದು. ಸುಗ್ಗಿಯ ತರುವಾಯ ಹೊಲದಲ್ಲಿ ಮಂದೆ ತಂಗಿಸಿದರೆ ಗೊಬ್ಬರ ದೊರೆಯುವುದು. ಇಂಥ ಸೊತ್ತು ಹೊರಗಿನಿಂದ ತಂದ ಒಂದೇ ಕುರಿಯ ದೆಸೆಯಿಂದ ಕೆಲವೇ ವಾರಗಳಲ್ಲಿ ಹಾಳಾಗಬಹುದು. ಸಂತೆಯಲ್ಲಿ ಕೊಳ್ಳುವಾತನು ಹಲ್ಲು ನೋಡುವನು, ಬೆನ್ನು ಹಿಡಿದು ಮಾಂಸವನ್ನು ಅಂದಾಜು ಮಾಡುವನು. ಮೂಗನ್ನೂ ಉಸಿರನ್ನೂ ನೋಡುವವರು ವಿರಳ. ನೋಡಿದರೂ ಅಂದು ಏನೂ ಕಾಣದಿರಬಹುದು. ರೋಗಾಣುವು ದೇಹವನ್ನು ಹೊಕ್ಕ ಮೇಲೆ ಚಿಹ್ನೆಗಳು ತೋರಲು ಕೆಲವು ದಿನಗಳು ಬೇಕು. ಆದುದರಿಂದ ನಿಜವಾದ ಪರೀಕ್ಷೆಯು ಕುರಿಯನ್ನು ಮನೆಗೆ ತಂದ ಬಳಿಕ ನಡೆಯತಕ್ಕದ್ದು.

1. ಆರೋಗ್ಯದ ಸ್ಥಿತಿ

ರೋಗವನ್ನು ಅರಿಯಬೇಕಾದರೆ ಮೊದಲು ಆರೋಗ್ಯವನ್ನು ಅರಿಯಬೇಕು. ನಿರೋಗಿಯಾದ ಕುರಿಯ ಮೂಗು ಶುಚಿಯಾಗಿಯೂ ಕಣ್ಣು ಹೊಳಪಾಗಿಯೂ ಇರುವುವು. ಅದು ಮಂದೆಯೊಡನೆ ಮೇಯುವುದು, ಮೆಲುಕು ಹಾಕುವುದು. ಮೈಯ ಉಷ್ಣತೆಯು ಸುಮಾರು 102 ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಉಸಿರನ್ನು ಬೆಳಗಿನ ತಂಪಿನಲ್ಲಿ, ಕುರಿಯು ಸುಮ್ಮನೆ ನಿಂತಿರುವಾಗ, ದೂರದಿಂದಲೇ ಪಕ್ಕೆಯ ಏರಿಳಿತವನ್ನು ನೋಡಿ ಒಂದು ನಿಮಿಷ ಪೂರ್ತಿ ಎಣಿಸಬೇಕು. ಆಗ ಅದು ಸಾಮಾನ್ಯವಾಗಿ 30 ರೊಳಗೆ ಇರುವುದು. ಮಧ್ಯಾಹ್ನದ ಬಿಸಿಲಿನಲ್ಲಿಯೂ ನಡೆದು ಬಂದ ಕೂಡಲೆಯೂ ತೇಕುವುದು ಸಹಜ. ಆ ಹೊತ್ತಿನ ಎಣಿಕೆಯಿಂದ ಪ್ರಯೋಜನವಿಲ್ಲ.

2. ರೋಗದ ಚಿಹ್ನೆಗಳು

ಮೊದಲನೆಯ ಚಿಹ್ನೆಯು ಬಹಳ ಸಣ್ಣದು: ಕುರಿಯು ಮಂದೆಯಿಂದ ಹಿಂದೆ ಉಳಿಯುವುದು, ತಲೆ ತಗ್ಗಿಸಿ ನಿಲ್ಲುವುದು, ಮೇವು ಬಿಡುವುದು. ಬಳಿಕ ಮೂಗಿನಿಂದ ನೀರಿನಂಥ ಸಿಂಬಳ ಇಳಿದು, ಕ್ರಮೇಣ ಗಟ್ಟಿಯಾಗಿ ಹಳದಿಯ ಬಣ್ಣ ತಾಳಿ, ಹೊರಳೆಗಳ ಸುತ್ತ ಹೆಪ್ಪುಗಟ್ಟುವುದು. ಕೆಮ್ಮು, ಸೀನು, ಕಣ್ಣಿನ ಪಿಸುರು ತೋರುವುವು. ತಂಪಿನ ಹೊತ್ತಿನಲ್ಲಿಯೂ ಉಸಿರು 40 ನ್ನು ಮೀರಿದರೆ, ಹೊರಳೆಗಳು ಅರಳಿದರೆ, ಕುತ್ತಿಗೆ ಚಾಚಿ ಬಾಯಿಂದ ಉಸಿರಾಡಿದರೆ ಶ್ವಾಸಕೋಶಕ್ಕೆ ಬಾಧೆ ತಗಲಿದೆಯೆಂದು ತಿಳಿಯಬೇಕು.

ಎಲ್ಲ ಸಿಂಬಳವೂ ಒಂದೇ ರೋಗದ್ದಲ್ಲ. ಒಂದೇ ಹೊರಳೆಯಿಂದ ಸುರಿದು, ಕುರಿಯು ಮೇಲಿಂದ ಮೇಲೆ ಸೀನಿ ತಲೆ ಒದರುತ್ತಿದ್ದರೆ ಮೂಗಿನ ಹುಳುವಿನ ಸಂಶಯ. ಜ್ವರವಿಲ್ಲದೆ ಬಹು ದಿನದ ಕೆಮ್ಮು ಇದ್ದು ಮೈ ಸೊರಗಿದರೆ ಶ್ವಾಸಕೋಶದ ಜಂತು ಇರಬಹುದು. ವಾಹನದ ಇಕ್ಕಟ್ಟು, ಮಳೆ, ಉಪವಾಸಗಳ ತರುವಾಯ ಥಟ್ಟನೆ ಜ್ವರ ಬಂದು ಉಸಿರು ಕಟ್ಟಿದರೆ ಪಾಶ್ಚುರೆಲ್ಲಾ ಗುಂಪಿನ ರೋಗಾಣುಗಳಿಂದಾದ ಉರಿಯೂತವಾಗಿರಬಹುದು. ಜ್ವರವು 104 ರಿಂದ 106 ಡಿಗ್ರಿಗೇರಿ, ಸಿಂಬಳದೊಡನೆ ಬಾಯಲ್ಲಿ ಹುಣ್ಣೂ ಭೇದಿಯೂ ಕೂಡಿ ಬಂದರೆ ಹಿರೇಬೇನೆ, ಅಂದರೆ ಪಿ.ಪಿ.ಆರ್., ಎಂದು ಸಂಶಯಿಸಿ ಕ್ಷಣವೂ ತಡಮಾಡಕೂಡದು.

ಈ ಹಿರೇಬೇನೆಯು ದನಗಳ ದೊಡ್ಡರೋಗದ ಬಂಧು. 1942 ರಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ ವರ್ಣಿಸಲ್ಪಟ್ಟು, ಭಾರತದಲ್ಲಿ ಮೊದಲು 1987 ರಲ್ಲಿ ತಮಿಳುನಾಡಿನಲ್ಲಿ ಗುರುತಿಸಲ್ಪಟ್ಟಿತು. ದೊಡ್ಡರೋಗವು 2011 ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತು. ಇದೂ ಹಾಗೆಯೇ ಅಳಿಯಬೇಕಾದರೆ ಲಸಿಕೆಯೂ ಎಚ್ಚರವೂ ಬೇಕು.

3. ಇಪ್ಪತ್ತೊಂದು ದಿನಗಳ ನಿಯಮ

ಬಿಂಕದಕಟ್ಟಿಯಲ್ಲಿ ಮೃಗಾಲಯವಿರುವುದನ್ನು ಎಲ್ಲರೂ ಬಲ್ಲರು. ಹೊಸದಾಗಿ ಬಂದ ಪ್ರಾಣಿಯನ್ನು ಮೊದಲು ಬೇರೆ ಇರಿಸಿ ನೋಡುವುದು ಮೃಗಾಲಯಗಳ ಪದ್ಧತಿ. ಕಾಡುಮೃಗಕ್ಕೆ ಸಲ್ಲುವ ಈ ಎಚ್ಚರವು ಒಕ್ಕಲಿಗನ ಕುರಿಗೂ ಸಲ್ಲಬೇಕು.

ಹೊಸ ಕುರಿಯನ್ನು 21 ದಿನ ಹಳೆಯ ಮಂದೆಯಿಂದ ದೂರ, ಗಾಳಿಯಾಡುವ ಒಣ ಸ್ಥಳದಲ್ಲಿ ಕಟ್ಟಬೇಕು. ನೀರಿನ ತೊಟ್ಟಿಯೂ ಮೇವಿನ ಬುಟ್ಟಿಯೂ ಬೇರೆ ಇರಬೇಕು. ಮೊದಲು ಹಳೆಯ ಮಂದೆಯ ಕೆಲಸ ಮುಗಿಸಿ, ಕೊನೆಗೆ ಹೊಸ ಕುರಿಯನ್ನು ನೋಡಿಕೊಂಡು, ಕೈಕಾಲು ತೊಳೆಯಬೇಕು. ದಿನಾಲು ಬೆಳಿಗ್ಗೆ ಸಂಜೆ ಮೂಗು, ಕಣ್ಣು, ಮೇವು, ಹಿಕ್ಕೆ ನೋಡತಕ್ಕದ್ದು. ಬೆಳಿಗ್ಗೆ ಉಸಿರನ್ನೂ ಎಣಿಸತಕ್ಕದ್ದು. ಗೊಬ್ಬರಕ್ಕಾಗಿ ಪರಸ್ಥಳದ ಮಂದೆಯನ್ನು ಕರೆಯುವ ಜಮೀನುದಾರರು ಅದರಲ್ಲಿ ಕೆಮ್ಮು ಸಿಂಬಳಗಳಿವೆಯೇ ಎಂದು ಮೊದಲೇ ನೋಡಿ, ತಮ್ಮ ಕುರಿಗಳನ್ನು ಅದರೊಡನೆ ಬೆರೆಸದಿರುವುದು ಲೇಸು.

4. ಮಾಡಕೂಡದ ಕೆಲಸಗಳು

ಕೆಮ್ಮುವ ಕುರಿಗೆ ಗೊಟ್ಟದಿಂದ ಎಣ್ಣೆ, ಕಷಾಯ ಸುರಿಯಬಾರದು. ಅದು ಶ್ವಾಸನಾಳಕ್ಕಿಳಿದು ಪ್ರಾಣವನ್ನೇ ತೆಗೆಯಬಹುದು. ಬರೆ ಹಾಕುವುದರಿಂದ ನೋವಲ್ಲದೆ ಗುಣವಿಲ್ಲ. ಹಿರೇಬೇನೆಯನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ. ಪಶುವೈದ್ಯರು ಕೊಡುವ ಮದ್ದು ಅದರ ಬೆನ್ನಿಗೆ ಬರುವ ಉಪರೋಗಗಳನ್ನು ತಡೆಯುವುದು. ಲಸಿಕೆಯು ಮಾತ್ರ ಮುಂಚಿತವಾಗಿ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುವುದು. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಒಂದು ಕುರಿ ಕೆಮ್ಮಿದೊಡನೆ ನಷ್ಟದ ಭಯದಿಂದ ಉಳಿದವನ್ನು ಸಂತೆಗೆ ಅಟ್ಟುವುದು. ಒಂದು ಮನೆಯ ನಷ್ಟವು ಹತ್ತು ಊರಿಗೆ ಹಂಚಿಹೋಗುವುದು ಹೀಗೆಯೇ.

5. ಗ್ರಾಮ ಪ್ರಮುಖರ ಕರ್ತವ್ಯ

ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗ್ಗೆ 2009 ರ ಕೇಂದ್ರ ಕಾಯಿದೆಯಿದ್ದು, ಹಿರೇಬೇನೆಯು ಅದರ ಪಟ್ಟಿಯಲ್ಲಿದೆ. ಸಂಶಯ ಬಂದ ಕೂಡಲೆ ಮಾಲೀಕನು ಗ್ರಾಮಾಧಿಕಾರಿಗಾಗಲಿ ಗ್ರಾಮ ಪಂಚಾಯತಿಗಾಗಲಿ ತಿಳಿಸಿ, ರೋಗಿ ಪ್ರಾಣಿಯನ್ನು ಬೇರ್ಪಡಿಸಬೇಕು. ಅವರು ಹತ್ತಿರದ ಪಶುವೈದ್ಯರಿಗೆ ಬರೆದು ತಿಳಿಸಬೇಕು. ಸುದ್ದಿ ತಂದ ಬಡ ಕುರಿಗಾರನನ್ನು ಜರೆದರೆ ಮುಂದೆ ಯಾರೂ ಸುದ್ದಿ ತರಲಾರರು. ಊರಿನ ಹಿರಿಯರು ಅವನಿಗೆ ಧೈರ್ಯ ಹೇಳಿ, ಅವನ ಕುರಿಗೆ ಬೇರೆ ತಾವು, ಬೇರೆ ನೀರು ಒದಗಿಸಿದರೆ ತಮ್ಮ ಮಂದೆಗಳನ್ನೇ ಕಾದುಕೊಂಡಂತಾಗುವುದು.